ಮನೆವಾರ್ತೆ: ಪತ್ರದ ಪೆಟ್ಟಿಗೆಗೂ ಬೇಕು ಒಪ್ಪ ಓರಣ



ಬೇಳೆಗೊಂದು ಡಬ್ಬಿ, ಸಾಸಿವೆಗೊಂದು ಡಬ್ಬಿ, ಹಪ್ಪಳ ಸಂಡಿಗೆಗೆ ಅಟ್ಟದ ಮೇಲೊಂದು ಟಿನ್ನು ಅಂತ ಇಟ್ಟುಕೊಳ್ಳುವವರು ನಾವು. ಕರೆಂಟು ಹೋದರೂ ಕೈಯಿಟ್ಟ ಕಡೆ ಮೆಂತ್ಯ ಸಿಗಬೇಕು. ಆದರೆ ಮನೆಯ ಕಂಪ್ಯೂಟರಿನಲ್ಲಿರುವ ಇ-ಮೇಲ್ ಪೆಟ್ಟಿಗೆಯನ್ನು ಮಾತ್ರ 'ಅದು ಅವರ ಕೆಲಸ' ಅಂತ ಬಿಟ್ಟುಬಿಟ್ಟಿರುತ್ತೇವೆ. ಈ ಸಲ ಬಂದಿರುವ ಕಾಗದವೊಂದನ್ನು ಓದಿ:

"ನಮ್ಮವರು ತೀರಿಕೊಂಡು ಎಂಟು ತಿಂಗಳಾಯಿತು. ಬ್ಯಾಂಕಿನ ಠೇವಣಿ, ವಿಮೆ, ಪಿಂಚಣಿ ಎಲ್ಲದರ ಪತ್ರವ್ಯವಹಾರವನ್ನೂ ಕಂಪ್ಯೂಟರಿನ ಥಂಡರ್‌ಬರ್ಡ್‌ನಲ್ಲೇ ಇಟ್ಟಿದ್ದರು. ಮಗಳು ಹಾಸ್ಟೆಲಿನಲ್ಲಿದ್ದಾಗ ಅವಳಿಗೆ ಬರೆದ ಪತ್ರಗಳೂ ಅದರಲ್ಲೇ ಇವೆ. ಈಗ ತೆರೆದರೆ ಬಲು ನಿಧಾನ. 'ಜಾಗ ಸಾಲದು' ಅಂತ ಬರುತ್ತದೆ. ಮಗ ಹೊಸ ಕಂಪ್ಯೂಟರ್ ಕೊಡಿಸುತ್ತೇನೆ, ಹಳೆಯದನ್ನು ಗುಜರಿಗೆ ಹಾಕಮ್ಮ ಅನ್ನುತ್ತಾನೆ. ಹಾಕಿದರೆ ಪತ್ರಗಳು ಹೋಗುತ್ತವೆಯೇ?"

ಹೋಗಬಹುದು, ಅಮ್ಮಾ. ಆದ್ದರಿಂದ ಮೊದಲ ಮಾತು: ಹಳೆಯ ಕಂಪ್ಯೂಟರನ್ನು ಸದ್ಯಕ್ಕೆ ಯಾರಿಗೂ ಕೊಡಬೇಡಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದ ಮೇಲೆ ಬಹಳ ಮನೆಗಳಲ್ಲಿ ಹಳೆಯದನ್ನು ಸಾಗಹಾಕುವ ಮಾತು ನಡೆದಿದೆ. ಹೀಗಾಗಿ ಈ ಉತ್ತರ ನಿಮ್ಮೊಬ್ಬರಿಗೇ ಅಲ್ಲ, ಎಲ್ಲರಿಗೂ.

ಪತ್ರ ಇರುವುದೆಲ್ಲಿ?

ಥಂಡರ್‌ಬರ್ಡ್ ಅನ್ನುವುದು 2004ರ ಡಿಸೆಂಬರಿನಲ್ಲಿ ಮೊದಲ ಪೂರ್ಣ ರೂಪ ಕಂಡ ಉಚಿತ ಮೇಲ್ ಪ್ರೋಗ್ರಾಂ. ಅದಕ್ಕೆ ಪತ್ರ ಬರುವ ದಾರಿ ಮುಖ್ಯವಾಗಿ ಎರಡು. 'ಅಕೌಂಟ್ ಸೆಟ್ಟಿಂಗ್ಸ್'ನಲ್ಲಿ 'ಸರ್ವರ್ ಸೆಟ್ಟಿಂಗ್ಸ್' ಒತ್ತಿ ನೋಡಿ. ಅಲ್ಲಿ ಪಾಪ್ ಅಂತ ಇದ್ದರೆ ಪತ್ರಗಳನ್ನು ಮನೆಗೆ ಇಳಿಸಿಕೊಂಡು, ಅಲ್ಲಿಯ ಪ್ರತಿಯನ್ನು ಕೆಲವು ದಿನದ ಮೇಲೆ ಅಳಿಸಿಬಿಡುವಂತೆ ಮಾಡಿರಬಹುದು. ಆಗ ನಿಮ್ಮ ಮನೆಯ ಪ್ರತಿಯೇ ಜಗತ್ತಿನಲ್ಲಿರುವ ಏಕೈಕ ಪ್ರತಿ. ಐಮ್ಯಾಪ್ ಅಂತ ಇದ್ದರೆ ಮೂಲ ಪತ್ರ ಕಂಪೆನಿಯ ಸರ್ವರಿನಲ್ಲಿರುತ್ತದೆ, ಮನೆಯಲ್ಲಿ ಕಾಣುವುದು ಅದರ ಪ್ರತಿಬಿಂಬ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಇನ್ನು 'ಲೋಕಲ್ ಫೋಲ್ಡರ್ಸ್' ಅನ್ನುವುದರ ಕೆಳಗಿರುವ ಪತ್ರಗಳು, ಖಾತೆ ಯಾವುದೇ ಆಗಿರಲಿ, ಆ ಕಂಪ್ಯೂಟರಿನಲ್ಲಿ ಮಾತ್ರ ಇರುವಂಥವು.

ಮೊದಲು ಪ್ರತಿ, ಆಮೇಲೆ ಸ್ವಚ್ಛತೆ

ಯಾವುದನ್ನೂ ಅಳಿಸುವ ಮುಂಚೆ ಇಡೀ ಗಂಟನ್ನು ಬೇರೆ ಕಡೆ ನಕಲು ಮಾಡಿ. 'ಹೆಲ್ಪ್' ಮೆನುವಿನಲ್ಲಿ 'ಟ್ರಬಲ್‌ಶೂಟಿಂಗ್ ಇನ್ಫರ್ಮೇಶನ್' ಒತ್ತಿದರೆ 'ಪ್ರೊಫೈಲ್ ಫೋಲ್ಡರ್' ಎಲ್ಲಿದೆ ಎಂದು ತೋರಿಸಿ, ತೆರೆದೂ ಕೊಡುತ್ತದೆ. ಪತ್ರ, ವಿಳಾಸ, ಸೆಟ್ಟಿಂಗು ಎಲ್ಲ ಇರುವುದು ಅದರಲ್ಲೇ. ಥಂಡರ್‌ಬರ್ಡ್ ಅನ್ನು ಪೂರ್ತಿ ಮುಚ್ಚಿ, ಆ ಫೋಲ್ಡರನ್ನು ಇಡಿಯಾಗಿ ಹೊರಗಿನ ಡಿಸ್ಕಿಗೋ ಪೆನ್‌ಡ್ರೈವಿಗೋ ನಕಲಿಸಿ. ಕೆಲವು ಪೆನ್‌ಡ್ರೈವುಗಳು ಫ್ಯಾಟ್-32 ಎಂಬ ಹಳೆಯ ಪದ್ಧತಿಯವು. ಅವು 4 ಜಿಬಿಗಿಂತ ದೊಡ್ಡದಾದ ಒಂದೇ ಫೈಲನ್ನು ತೆಗೆದುಕೊಳ್ಳುವುದಿಲ್ಲ. 'ಫೈಲ್ ದೊಡ್ಡದು' ಎಂದು ನಿಂತರೆ ಗಾಬರಿ ಬೇಡ, ಬೇರೆ ಡಿಸ್ಕ್ ಬಳಸಿ. ಈ ಗಂಟಿನಲ್ಲಿ ಪಾಸ್‌ವರ್ಡುಗಳೂ ಇರಬಹುದು, ಅದಕ್ಕೇ ನಕಲನ್ನು ಒಡವೆಯ ಜೊತೆ ಬೀರುವಿನಲ್ಲಿಡಿ.

ಅಳಿಸಿದರೂ ಜಾಗ ಯಾಕೆ ಸಾಲದು?

ಇದು ಬಹಳ ಜನ ಕೇಳುವ ಪ್ರಶ್ನೆ. ಥಂಡರ್‌ಬರ್ಡ್‌ನಲ್ಲಿ ಸಾಮಾನ್ಯವಾಗಿ ಒಂದು ಫೋಲ್ಡರ್ ಅಂದರೆ ಒಂದೇ ದೊಡ್ಡ ಫೈಲು. ಒಂದು ದಪ್ಪ ಪುಸ್ತಕದಲ್ಲಿ ಪತ್ರಗಳನ್ನು ಒಂದರ ಕೆಳಗೊಂದು ಅಂಟಿಸುತ್ತಾ ಹೋದ ಹಾಗೆ. ನೀವು ಪತ್ರ ಅಳಿಸಿದಾಗ ಅದರ ಮೇಲೆ ಗೀಟು ಬೀಳುತ್ತದೆಯೇ ಹೊರತು ಹಾಳೆ ಹರಿಯುವುದಿಲ್ಲ. ಪುಸ್ತಕದ ದಪ್ಪ ಹಾಗೇ ಉಳಿಯುತ್ತದೆ. ಫೋಲ್ಡರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ 'ಕಾಂಪ್ಯಾಕ್ಟ್' ಅಂದರೆ, ಗೀಟು ಬೀಳದ ಪತ್ರಗಳನ್ನಷ್ಟೇ ಹೊಸ ಪುಸ್ತಕಕ್ಕೆ ಬರೆದುಕೊಂಡು ಹಳೆಯದನ್ನು ಬಿಸಾಡುತ್ತದೆ. ಜಾಗ ಬಿಡುಗಡೆಯಾಗುವುದು ಆಗಲೇ.

ಇಲ್ಲಿ ಎರಡು ಎಚ್ಚರಿಕೆ. ಹೊಸ ಪುಸ್ತಕ ಬರೆಯಲಿಕ್ಕೂ ಜಾಗ ಬೇಕಲ್ಲ! ಆದ್ದರಿಂದ ಡಿಸ್ಕು ತುಂಬಿದ್ದರೆ ಮೊದಲು ಹಳೆ ಸಿನಿಮಾ, ಬೇಡದ ಡೌನ್‌ಲೋಡು ತೆಗೆದುಹಾಕಿ. ಕಾಂಪ್ಯಾಕ್ಟ್ ನಡೆಯುತ್ತಿರುವಾಗ ನಡುವೆ ಕಂಪ್ಯೂಟರ್ ಆರಿಸಲೂ ಬೇಡಿ. ಎರಡನೆಯದು, ಬೇಕಾದ ಪತ್ರವೊಂದು ಕೈತಪ್ಪಿ ಅಳಿಸಿಹೋಗಿದ್ದರೆ ಕಾಂಪ್ಯಾಕ್ಟ್ ಮಾಡಲೇಬೇಡಿ. ಗೀಟಿನ ಕೆಳಗೆ ಅಕ್ಷರ ಇನ್ನೂ ಇರುತ್ತದೆ, ತಿಳಿದವರು ಅದನ್ನು ಎತ್ತಿಕೊಡಬಲ್ಲರು. ಕಾಂಪ್ಯಾಕ್ಟ್ ಆದ ಮೇಲೆ ಆ ಆಸೆ ಬಹುಮಟ್ಟಿಗೆ ಮುಗಿಯಿತು.

ಪಟ್ಟಿಯಲ್ಲಿ ಹೆಸರಿದೆ, ತೆರೆದರೆ ಬೇರೆ ಪತ್ರ ಬರುತ್ತದೆ ಅನ್ನುವಿರಾ? ಹಾಗಾದರೆ ಕೆಟ್ಟಿರುವುದು ಪರಿವಿಡಿ, ಪುಸ್ತಕವಲ್ಲ. ಫೋಲ್ಡರಿನ ಮೇಲೆ ಬಲಗುಂಡಿ ಒತ್ತಿ, 'ಪ್ರಾಪರ್ಟೀಸ್'ನಲ್ಲಿ 'ರಿಪೇರ್ ಫೋಲ್ಡರ್' ಒತ್ತಿದರೆ ಹೊಸ ಪರಿವಿಡಿ ತಯಾರಾಗುತ್ತದೆ.

ಡಬ್ಬಿಗಳನ್ನು ಜೋಡಿಸುವುದು

'ಇನ್‌ಬಾಕ್ಸ್' ಅನ್ನುವುದು ಮನೆಯ ಜಗಲಿ ಇದ್ದಂತೆ. ಬಂದವರು ಕೂತು ಒಳಗೆ ಹೋಗಬೇಕು, ಅಲ್ಲೇ ಹಾಸಿಗೆ ಹಾಸಬಾರದು. ದಿನವೂ ಬರೆದು ಅಳಿಸುವ ಫೈಲು ಅದೇ ಆದ್ದರಿಂದ ಕೆಡುವ ಭಯವೂ ಅದಕ್ಕೇ ಹೆಚ್ಚು. ಕೆಲವು ಸಲ ಒಂದು ಕೆಟ್ಟ ಪತ್ರದ ದೆಸೆಯಿಂದ ವೈರಸ್ ತಡೆಯುವ ಪ್ರೋಗ್ರಾಂ ಇಡೀ ಇನ್‌ಬಾಕ್ಸ್ ಫೈಲನ್ನೇ ಎತ್ತಿ ಬೀಗ ಹಾಕುವುದುಂಟು. 'ಟ್ರ್ಯಾಶ್'ನಲ್ಲಿ ಬೇಕಾದ ಪತ್ರ ಇಡುವ ಅಭ್ಯಾಸ ಕೆಲವರಿಗಿದೆ. ಅದು ಕಸದ ಬುಟ್ಟಿಯಲ್ಲಿ ತಾಳಿ ಇಟ್ಟ ಹಾಗೆ.

'ಲೋಕಲ್ ಫೋಲ್ಡರ್ಸ್' ಮೇಲೆ ಬಲಗುಂಡಿ ಒತ್ತಿ 'ನ್ಯೂ ಫೋಲ್ಡರ್' ಅನ್ನಿ. ಹೆಸರನ್ನು ಕನ್ನಡದಲ್ಲೇ ಕೊಡಬಹುದು. ಐದೇ ಸಾಕು: ಬ್ಯಾಂಕು, ವಿಮೆ-ಪಿಂಚಣಿ, ಮನೆ-ಕಂದಾಯ, ಆಸ್ಪತ್ರೆ, ಮಕ್ಕಳು. ಒಂದೊಂದರೊಳಗೂ ವರ್ಷಕ್ಕೊಂದು ಒಳಡಬ್ಬಿ ಮಾಡಿ. ಫೈಲುಗಳು ಚಿಕ್ಕದಾಗಿದ್ದರೆ ಕೆಡುವುದು ಕಡಿಮೆ, ನಕಲು ಮಾಡುವುದೂ ಸುಲಭ. ಆಮೇಲೆ ಇನ್‌ಬಾಕ್ಸಿನಲ್ಲಿ ಕಳಿಸಿದವರ ಹೆಸರಿರುವ ಕಂಬಸಾಲಿನ ತಲೆಯನ್ನು ಒತ್ತಿದರೆ, ಒಂದೇ ಬ್ಯಾಂಕಿನ ಪತ್ರಗಳೆಲ್ಲ ಒಟ್ಟಿಗೆ ಬರುತ್ತವೆ. ಮೊದಲನೆಯದನ್ನು ಒತ್ತಿ, ಶಿಫ್ಟ್ ಹಿಡಿದು ಕೊನೆಯದನ್ನು ಒತ್ತಿದರೆ ನಡುವಿನವೆಲ್ಲ ಸೇರುತ್ತವೆ. ಒಂದೇ ಏಟಿಗೆ ಸಾವಿರಗಟ್ಟಲೆ ಬೇಡ, ನೂರು ಇನ್ನೂರರಂತೆ ಮಾಡಿ. 'ಮೂವ್' ಬದಲು 'ಕಾಪಿ' ಬಳಸಿ, ಎಲ್ಲ ಸರಿಯಾಗಿ ತೆರೆದವೇ ಅಂತ ನೋಡಿಕೊಂಡು ಆಮೇಲೆ ಹಳೆಯದನ್ನು ಅಳಿಸಿ. 'ಸೆಂಟ್' ಫೋಲ್ಡರನ್ನು ಮರೆಯಬೇಡಿ, ಅವರು ಮಗಳಿಗೆ ಬರೆದ ಪತ್ರಗಳು ಇರುವುದು ಅಲ್ಲೇ.

ಜಾಗ ನುಂಗುವುದು ಅಕ್ಷರಗಳಲ್ಲ, ಜೊತೆಗೆ ಬಂದ ಫೋಟೋಗಳು. 3 ಎಂಬಿ ಫೋಟೋ ಪತ್ರದೊಳಗೆ ಸೇರಿದರೆ ಸುಮಾರು 4 ಎಂಬಿ ಆಗುತ್ತದೆ. ಗಾತ್ರದ ಪ್ರಕಾರ ಜೋಡಿಸಿ ದೊಡ್ಡವನ್ನು ಮೊದಲು ನೋಡಿ. ಬೇಕಾದ ಚಿತ್ರವನ್ನು ಹೊರಗೆ ಉಳಿಸಿಕೊಂಡು ಪತ್ರವನ್ನು ತೆಗೆಯಬಹುದು.

ಕಾಯದ ಕೆಲಸ

ನಿಮ್ಮವರ ಖಾತೆ ಗೂಗಲಿನದಾದರೆ ತಡ ಮಾಡಬೇಡಿ. ಎರಡು ವರ್ಷ ಯಾರೂ ಬಳಸದ ಸ್ವಂತ ಖಾತೆಗಳನ್ನು ಒಳಗಿರುವುದರ ಸಮೇತ ಅಳಿಸುವ ನಿಯಮವನ್ನು ಆ ಕಂಪೆನಿ 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆ. ಠೇವಣಿ, ವಿಮೆಯ ಪತ್ರಗಳು ಸಿಕ್ಕಿದ ಕೂಡಲೇ ಕಾಗದದ ಮೇಲೆ ಅಚ್ಚು ತೆಗೆಸಿ. ಖಾತೆಯ ಸಂಖ್ಯೆ ಕೈಯಲ್ಲಿದ್ದರೆ ಬ್ಯಾಂಕಿನಲ್ಲಿ ಅರ್ಜಿ ಕೊಡುವುದು ಎಷ್ಟೋ ಸುಲಭ.

ಮಿಕ್ಕ ಸೋದರಿಯರಿಗೆ ಒಂದು ಮಾತು. ಮನೆಯವರು ಆರೋಗ್ಯವಾಗಿ ಎದುರಿಗೆ ಕೂತಿರುವಾಗಲೇ, ಸಂಜೆಯ ಕಾಫಿ ಹೊತ್ತಿಗೆ ಕೇಳಿ: "ಯಾವ ಪತ್ರ ಎಲ್ಲಿಟ್ಟಿದ್ದೀರಿ, ನನಗೂ ತೋರಿಸಿ ನೋಡೋಣ." ಇದು ಅಪಶಕುನವಲ್ಲ, ಸಂಸಾರದ ಲೆಕ್ಕ. ಗೂಗಲಿನಲ್ಲಿ 'ಇನ್‌ಆಕ್ಟಿವ್ ಅಕೌಂಟ್ ಮ್ಯಾನೇಜರ್' ಎಂಬ ಏರ್ಪಾಡಿದೆ. ಖಾತೆ ಬಹಳ ಕಾಲ ಬಳಕೆಯಾಗದಿದ್ದರೆ ಯಾರಿಗೆ ತಿಳಿಸಬೇಕು, ಏನು ಕೊಡಬೇಕು ಎಂದು ಮೊದಲೇ ಬರೆದಿಡಬಹುದು. ಗಂಡನದಕ್ಕೆ ಹೆಂಡತಿ, ಹೆಂಡತಿಯದಕ್ಕೆ ಗಂಡ ಅಥವಾ ಮಕ್ಕಳ ಹೆಸರು ಕೊಡಿ.

ನೆನಪಿನ ಪಟ್ಟಿ (ಕತ್ತರಿಸಿ ಕಂಪ್ಯೂಟರಿನ ಪಕ್ಕ ಅಂಟಿಸಿಕೊಳ್ಳಿ)

ವಾರಕ್ಕೊಮ್ಮೆ: ಇನ್‌ಬಾಕ್ಸ್ ಖಾಲಿ ಮಾಡಿ, ಪತ್ರಗಳನ್ನು ಆಯಾ ಡಬ್ಬಿಗೆ ಹಾಕುವುದು.
ತಿಂಗಳಿಗೊಮ್ಮೆ: ಟ್ರ್ಯಾಶ್ ನೋಡಿ ಖಾಲಿ ಮಾಡುವುದು, ಆಮೇಲೆ ಕಾಂಪ್ಯಾಕ್ಟ್.
ಮೂರು ತಿಂಗಳಿಗೊಮ್ಮೆ: ಪ್ರೊಫೈಲ್ ಫೋಲ್ಡರಿನ ನಕಲು ಬೀರುವಿಗೆ.
ಯುಗಾದಿಗೆ: ಹೊಸ ವರ್ಷದ ಒಳಡಬ್ಬಿಗಳು.

ಕಾಗದ ಬರೆದ ಅಮ್ಮನವರೇ, ಹೊಸ ಕಂಪ್ಯೂಟರಿನಲ್ಲಿ ಆ ಪತ್ರಗಳೆಲ್ಲ ತೆರೆದ ಮೇಲೆ, ಹಳೆಯ ಡಿಸ್ಕಿನಲ್ಲಿರುವುದನ್ನು ಮಗನಿಂದ ಪೂರ್ತಿ ಅಳಿಸಿಸಿ, ಆಮೇಲೆ ಗುಜರಿಯವನನ್ನು ಕರೆಯಿರಿ. ಅಲ್ಲಿಯವರೆಗೆ ಮೂಲೆಯಲ್ಲಿ ಒಂದು ಬಟ್ಟೆ ಮುಚ್ಚಿಕೊಂಡು ಇರಲಿ ಬಿಡಿ, ಅದೇನು ಅನ್ನ ಕೇಳುವುದಿಲ್ಲ.