ಬೊಂಬೆಗಳ ಯುದ್ಧ

ಯುದ್ಧವನ್ನು ಆಟವಾಗಿಸುವುದು ತಪ್ಪಲ್ಲವೇ ಎಂಬ ಪ್ರಶ್ನೆ ಸಹಜವಾದುದು. ಇಂಗ್ಲೆಂಡಿನಲ್ಲಿ ಅನೇಕರು ಅಂಗುಲದಷ್ಟೆತ್ತರದ ಸೈನಿಕ ಬೊಂಬೆಗಳಿಗೆ ಬಣ್ಣ ಬಳಿದು, ಹಳೆಯ ಕದನಗಳನ್ನು ಮೇಜಿನ ಮೇಲೆ ಮತ್ತೆ ಹೂಡುವರು. ದಾಳ ಉರುಳಿದಂತೆ ಬೊಂಬೆಗಳು ಬೀಳುತ್ತವೆ.

ಈ ಹವ್ಯಾಸಕ್ಕೆ ಶ್ರದ್ಧೆ ಬೇಕು. 1815ರ ವಾಟರ್ಲೂ ಕದನವನ್ನು ಆಡಬಯಸುವವನು ಬ್ರಿಟಿಷ್ ಕಾಲಾಳಿನ ಅಂಗಿ ಕೆಂಪೆಂದೂ ಫ್ರೆಂಚರದು ನೀಲಿಯೆಂದೂ ಅರಿತರೆ ಸಾಲದು. ಹಿಂದಿನ ರಾತ್ರಿಯ ಮಳೆಗೆ ನೆಲ ಕೆಸರಾಗಿ ನೆಪೋಲಿಯನ್ನನ ದಾಳಿ ತಡವಾದುದನ್ನೂ, ಬ್ರಿಟಿಷರ ನೆರವಿಗೆ ಪ್ರಷ್ಯದ ಸೈನ್ಯ ಬಂದು ಸೇರಿದುದನ್ನೂ ತಿಳಿಯಬೇಕು. ಕುಂಚ ಹಿಡಿದ ಕೈ ಹೀಗೆ ಗ್ರಂಥವನ್ನೂ ಹಿಡಿಯುತ್ತದೆ.

1913ರಲ್ಲಿ ಸಾಹಿತಿ ಎಚ್. ಜಿ. ವೆಲ್ಸ್ ಇಂತಹ ಆಟಕ್ಕೆ ನಿಯಮಗಳನ್ನು ರೂಪಿಸಿ ‘ಲಿಟ್ಲ್ ವಾರ್ಸ್’ ಎಂಬ ಪುಸ್ತಕವನ್ನು ಬರೆದರು. ನಿಜವಾದ ಯುದ್ಧಕ್ಕಿಂತ ಈ ಪುಟ್ಟ ಯುದ್ಧವೇ ಲೇಸೆಂಬುದು ಅವರ ನಿಲುವು. ಮರುವರ್ಷವೇ ಮೊದಲನೆಯ ಮಹಾಯುದ್ಧ ಹೊತ್ತಿಕೊಂಡಿತು. ಆಟವು ಯುದ್ಧವನ್ನು ತಡೆಯಲಾರದು, ದಿಟ. ಆದರೂ ಒಂದೊಂದು ಮುಖಕ್ಕೂ ತಾಳ್ಮೆಯಿಂದ ಬಣ್ಣ ತುಂಬಿದವನಿಗೆ ಸೈನ್ಯವೆಂಬುದು ಬರಿಯ ಸಂಖ್ಯೆಯಾಗಿ ತೋರದು. ಆಟ ಮುಗಿದಾಗ ಬಿದ್ದ ಬೊಂಬೆ ಪೆಟ್ಟಿಗೆಗೆ ಮರಳುತ್ತದೆ. ರಣದಲ್ಲಿ ಮಡಿದ ಮನುಷ್ಯ ಮನೆಗೆ ಮರಳಲಾರ. ಈ ಅರಿವನ್ನು ಉಳಿಸುವ ಆಟವನ್ನು ನಾನು ತಪ್ಪೆನ್ನಲಾರೆ.