ಗುಂಡಿಗೆ ಯಾರ ಮಗನ್ನ ಇಳಿಸ್ತೀಯ?

ಮನೆ ರಿಪೇರಿ ಮಾಡಿಸ್ತಿದ್ದೀನಿ ಅಂತ ಹೋದ ತಿಂಗಳು ಫೋಟೊ ಹಾಕಿದ್ದೆ. ತುಂಬಾ ಜನ ಹಾರೈಸಿದ್ರಿ. ಒಂದಿಬ್ಬರು ‘ಹೋರಾಟಗಾರರೂ ಟೈಲ್ಸ್ ಹಾಕಿಸ್ತಾರಾ’ ಅಂತ ಕುಟುಕಿದ್ರು. ಹೌದು ಸ್ವಾಮಿ, ಹಾಕಿಸ್ತೀವಿ. ಅಪ್ಪನಿಗೆ ಸಿಕ್ಕಿದ್ದ ಜನತಾ ಮನೆ ಅದು. ಒಂದೇ ಕೋಣೆ, ಮೇಲೆ ಹಂಚು, ಮಳೆ ಬಂದ್ರೆ ಮೂರು ಕಡೆ ಪಾತ್ರೆ ಇಡ್ಬೇಕಿತ್ತು. ಅವ್ವ ಅರವತ್ತು ವರ್ಷ ಕತ್ತಲಾಗೋದನ್ನ ಕಾದು ಬಯಲಿಗೆ ಹೋದವಳು. ಆ ಮನೆಗೆ ಆರ್‌ಸಿಸಿ ಬೀಳೋದು, ಅವ್ವನಿಗೆ ಮನೆಯೊಳಗೇ ಕಕ್ಕಸು ಆಗೋದು ನಮ್ಮ ಪಾಲಿಗೆ ಶೋಕಿ ಅಲ್ಲ.

ಶೋಕಿ ಶುರುವಾಗೋದು ಪ್ಲ್ಯಾನ್ ಹಾಳೆ ಹರಡಿಕೊಂಡು ಕೂತಾಗ. ಮೂರು ಸಂಜೆ ಕೂತಿದ್ವಿ. ಬಾಗಿಲು ಎತ್ತ ಮುಖ ಇರಬೇಕು, ಅಡುಗೆಮನೆ ಆಗ್ನೇಯಕ್ಕೇ ಬರಬೇಕು, ಈಶಾನ್ಯ ಖಾಲಿ ಬಿಡಬೇಕು, ನೈಋತ್ಯ ಭಾರ ಇರಬೇಕು... ವಾಸ್ತು ನಂಬಲ್ಲ ಅಂತ ವೇದಿಕೆ ಮೇಲೆ ಭಾಷಣ ಬಿಗಿಯೋ ನಾನು, ‘ಮನೆಯವರ ಸಮಾಧಾನಕ್ಕೆ’ ಅಂತ ಎಲ್ಲಕ್ಕೂ ತಲೆ ಆಡಿಸಿದೆ. ಕಕ್ಕಸಿನ ಗುಂಡಿ ಬಗ್ಗೆ ಮಾತಾಡಿದ್ದು ಎರಡೇ ನಿಮಿಷ. ಮೇಸ್ತ್ರಿ ಹಿತ್ತಲ ಮೂಲೆಯಲ್ಲಿ, ಮೆಟ್ಟಿಲ ಕೆಳಗೆ ಒಂದು ಚೌಕ ಗೀಚಿದ.

‘ಅಲ್ಲಿಗೆ ಸಕ್ಕಿಂಗ್ ಗಾಡಿ ಪೈಪು ಬರುತ್ತಾ?’ ಅಂದೆ.

‘ಈ ಓಣಿಗೆ ಗಾಡಿ ಎಲ್ಲಿ ಬರುತ್ತಣ್ಣ. ತುಂಬಿದಾಗ ಚಪ್ಪಡಿ ಒಡೆದು ಯಾರನ್ನಾದ್ರೂ ಇಳಿಸಿದ್ರಾಯ್ತು. ಸಿಗ್ತಾರೆ ಬಿಡಿ.’

ನಾನು ಹೂಂ ಅಂದೆ. ಟೈಲ್ಸ್ ಪುಸ್ತಕದ ಹಾಳೆ ತಿರುವಿದೆ.

ಪಕ್ಕದಲ್ಲಿ ನಮ್ಮಕ್ಕ ಕೂತಿದ್ಲು. ಪೌರಕಾರ್ಮಿಕೆ. ಮೇಸ್ತ್ರಿ ಹೋದ ಮೇಲೆ ಒಂದೇ ಮಾತು ಕೇಳಿದ್ಲು: ‘ಯಾರ ಮಗನ್ನ ಇಳಿಸ್ತೀಯಪ್ಪ?’

ಬಂಧುಗಳೇ, ಗುಂಡಿಯಲ್ಲಿ ಸತ್ತವರಿಗೆ ನ್ಯಾಯ ಕೇಳಿ ನಗರಸಭೆ ಮುಂದೆ ಧರಣಿ ಕೂತವನು ನಾನು. 2010ರಲ್ಲಿ ಸವಣೂರಿನ ಭಂಗಿ ಸಮುದಾಯದವರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದ್ದನ್ನ ಎಷ್ಟು ಸಭೆಗಳಲ್ಲಿ ಹೇಳಿದ್ದೀನೋ ಲೆಕ್ಕ ಇಲ್ಲ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ತಲೆ ಮೇಲೆ ಮಲ ಹೊರೋದನ್ನ ನಿಷೇಧಿಸಿದ್ರು ಅಂತ ಎದೆ ಉಬ್ಬಿಸಿ ಹೇಳ್ತೀನಿ. ಅಂಥವನ ಮನೆ ಪ್ಲ್ಯಾನ್‌ನಲ್ಲಿ, ಇನ್ನು ಆರೇಳು ವರ್ಷಕ್ಕೆ ಒಬ್ಬ ಹುಡುಗ ಇಳಿಯೋಕೆ ಅಂತ ಒಂದು ಚೌಕ ರೆಡಿ ಆಗಿತ್ತು. ಅದಕ್ಕೆ ಹೂಂ ಅಂದವನು ನಾನೇ.

ಗುಂಡಿ ಸಾವು ಅಂದ ತಕ್ಷಣ ನಾವು ಕಾರ್ಪೊರೇಷನ್, ಕಂಟ್ರಾಕ್ಟರ್ ಅಂತ ಬೈತೀವಿ. ಬೈಯಲೇಬೇಕು. ಆದ್ರೆ ಆ ಸಾವು ಶುರುವಾಗೋದು ಮನೆ ಮಾಲೀಕನ ಪ್ಲ್ಯಾನ್‌ನಲ್ಲಿ. ಮುಚ್ಚಳ ಇಲ್ಲದ ಟ್ಯಾಂಕು, ಗಾಳಿ ಪೈಪು ಇಲ್ಲದ ಟ್ಯಾಂಕು, ಗಾಡಿ ಬರದ ಮೂಲೆ. ಒಳಗೆ ಹೈಡ್ರೋಜನ್ ಸಲ್ಫೈಡ್ ತುಂಬಿರುತ್ತೆ. ಮೊದಲು ಕೊಳೆತ ಮೊಟ್ಟೆ ವಾಸನೆ. ಜಾಸ್ತಿ ಆದ್ರೆ ಮೂಗಿಗೆ ವಾಸನೆ ಹಿಡಿಯೋ ಶಕ್ತಿಯೇ ಹೋಗುತ್ತೆ. ಅಪಾಯ ಇದೆ ಅಂತ ಗೊತ್ತಾಗೋ ಮೊದಲೇ ಮನುಷ್ಯ ಬೀಳ್ತಾನೆ. ಅವನನ್ನ ಎತ್ತೋಕೆ ಇಳಿದ ತಮ್ಮನೋ ಗೆಳೆಯನೋ ಅಲ್ಲೇ ಬೀಳ್ತಾನೆ. ಈ ಸುದ್ದಿ ನಾವು ಎಷ್ಟು ಸಲ ಓದಿಲ್ಲ?

‘ದುಡ್ಡು ಕೊಡ್ತೀವಿ, ಅವರೇ ಒಪ್ಪಿ ಬರ್ತಾರೆ’ ಅನ್ನೋರು ಕೇಳಿ. 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆ ನಗರಸಭೆಗೆ ಮಾತ್ರ ಅಲ್ಲ. ಸುರಕ್ಷಾ ಸಾಧನ, ಮುನ್ನೆಚ್ಚರಿಕೆ ಇಲ್ಲದೆ ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯರನ್ನ ಇಳಿಸೋ ಯಾರಿಗೇ ಆಗಲಿ, ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಸತ್ತವರ ಕುಟುಂಬಕ್ಕೆ 30 ಲಕ್ಷ ಪರಿಹಾರ ಕೊಡಬೇಕು ಅಂತ ಸುಪ್ರೀಂ ಕೋರ್ಟು 2023ರಲ್ಲಿ ಹೇಳಿದೆ. ಹಸಿವು ಒಪ್ಪಿಸಿದ್ದನ್ನ ಒಪ್ಪಿಗೆ ಅಂತ ಕರೀಬೇಡಿ.

‘ಇದು ನಮ್ಮ ಮನೆ ವಿಷಯ, ಇದರಲ್ಲೂ ಜಾತಿ ತರ್ತೀರಾ’ ಅನ್ನೋರೂ ಕೇಳಿ. ಜಾತಿ ನಾವು ತರಲ್ಲ, ನಿಮ್ಮ ಪ್ಲ್ಯಾನ್‌ನಲ್ಲೇ ಇದೆ. ದೇವರ ಕೋಣೆಗೆ ದಿಕ್ಕು ನೋಡ್ತೀರಿ, ಗುಂಡಿಗೆ ಜಾತಿ ನೋಡ್ತೀರಿ. ಮೇಸ್ತ್ರಿ ‘ಸಿಗ್ತಾರೆ ಬಿಡಿ’ ಅಂದಾಗ ಯಾರು ಸಿಗ್ತಾರೆ ಅಂತ ನೀವೂ ಕೇಳಲ್ಲ, ಅವನೂ ಹೇಳಲ್ಲ. ಇಬ್ಬರಿಗೂ ಗೊತ್ತು.

ನಮ್ಮೋರಿಗೆ ಇನ್ನೂ ಖಾರವಾಗಿ ಹೇಳ್ತೀನಿ. ಬಾಬಾಸಾಹೇಬರು ದಾದರಿನಲ್ಲಿ ರಾಜಗೃಹ ಕಟ್ಟಿಸಿದಾಗ ಅವರ ಮನಸ್ಸಿನಲ್ಲಿದ್ದದ್ದು ಪುಸ್ತಕಗಳಿಗೆ ಜಾಗ. ನಾವು ಅವರ ಫೋಟೊ ಹಾಲ್‌ನಲ್ಲಿ ತೂಗುಹಾಕಿ, ಅದು ಯಾವ ಗೋಡೆ ಮೇಲಿರಬೇಕು ಅಂತ ವಾಸ್ತುವಿನವನನ್ನ ಕೇಳ್ತೀವಿ. ಮೇಲ್ಜಾತಿ ಮನೆಯ ನಕಲು ಮಾಡೋಕೆ ಹೋಗಿ, ಗುಂಡಿಗೆ ಯಾರನ್ನೋ ಇಳಿಸೋ ಮನಸ್ಸನ್ನೂ ನಕಲು ಮಾಡ್ತಿದ್ದೀವಿ.

ಮಾರನೇ ದಿನ ಪ್ಲ್ಯಾನ್ ಬದಲಾಯಿಸಿದೆ. ಹಿತ್ತಲಲ್ಲಿ ಇನ್ನೊಂದು ಗುಂಡಿಗೆ ಜಾಗ ಇರಲಿಲ್ಲ. ಮನೆ ಮುಂದೆ, ರಸ್ತೆ ಪಕ್ಕ ಎರಡು ಗುಂಡಿ. ಪಕ್ಕದೊಳಗೆ ತೂತು ಬಿಟ್ಟು ಇಟ್ಟಿಗೆ ಕಟ್ಟಬೇಕು, ತಳಕ್ಕೆ ಸಿಮೆಂಟ್ ಹಾಕಬಾರದು, ನೀರು ಮಣ್ಣಿಗೆ ಇಂಗಬೇಕು. ನಡುವೆ ಒಂದು ಚೇಂಬರ್. ಒಂದು ತುಂಬಿದ್ರೆ ಅದಕ್ಕೆ ಹೋಗೋ ದಾರಿ ಮುಚ್ಚಿ ಇನ್ನೊಂದಕ್ಕೆ ತಿರುಗಿಸೋದು. ತುಂಬಿದ್ದನ್ನ ಎರಡು ವರ್ಷ ಮುಟ್ಟದೆ ಬಿಟ್ರೆ ವಾಸನೆ ಇಲ್ಲದ ಗೊಬ್ಬರ ಆಗುತ್ತೆ. ಅದನ್ನ ನಾನೇ ಗುದ್ದಲಿ ಹಿಡಿದು ತೆಗೀತೀನಿ, ಬೇರೆಯವರನ್ನ ಕರೆಯಲ್ಲ. ಬಂಡೆ ನೆಲ, ನೀರು ಮೇಲೇ ಸಿಗೋ ಜಾಗ, ಬಾವಿ ಹತ್ತಿರ ಇದು ಆಗಲ್ಲ. ಅಲ್ಲಿ ಸೆಪ್ಟಿಕ್ ಟ್ಯಾಂಕೇ ಬೇಕು. ಆಗ ಗಾಡಿಯ ಪೈಪು ಮುಟ್ಟೋ ಕಡೆ ಇಡಿ, ತೆಗೆಯೋಕಾಗುವ ಮುಚ್ಚಳ ಇಡಿ, ಗಾಳಿ ಪೈಪು ಇಡಿ. ಖರ್ಚು ಹೆಚ್ಚಾಯ್ತು, ನಿಜ. ಮುಂದಿನ ಗೋಡೆಗೆ ಅಂಟಿಸಬೇಕಿದ್ದ ಕಲ್ಲು ಬಿಟ್ಟೆ, ಸರಿಹೋಯ್ತು.

ಮೇಸ್ತ್ರಿ ಗಾಬರಿ ಆದ. ‘ಮುಂಬಾಗಿಲ ಎದುರು ಕಕ್ಕಸು ಗುಂಡಿನಾ? ಮನೆಗೆ ಒಳ್ಳೇದಾಗಲ್ಲಣ್ಣ, ಸಾವು ನೋವು ಬರುತ್ತೆ.’

‘ಹಿಂದಿದ್ರೆ ಬರಲ್ವಾ?’ ಅಂದೆ. ‘ಬರುತ್ತೆ. ಬೇರೆಯವರ ಮನೆಗೆ ಬರುತ್ತೆ. ಅಷ್ಟೇ ವ್ಯತ್ಯಾಸ.’

ಅವನೇನೂ ಮಾತಾಡಲಿಲ್ಲ. ದಾರ ಕಟ್ಟಿ ಅಳತೆ ಹಾಕಿದ.

ಮನೆ ಕಟ್ಟಿಸ್ತಿರೋರು, ರಿಪೇರಿ ಮಾಡಿಸ್ತಿರೋರು ಇದನ್ನ ಓದ್ತಿದ್ರೆ, ಟೈಲ್ಸ್ ಅಂಗಡಿಗೆ ಹೋಗೋ ಮೊದಲು ಪ್ಲ್ಯಾನ್ ತೆಗೆದು ಗುಂಡಿ ಎಲ್ಲಿದೆ ನೋಡಿ. ನಮ್ಮಕ್ಕ ಕೇಳಿದ್ದನ್ನ ನಿಮ್ಮ ಎಂಜಿನಿಯರ್‌ಗೆ, ಮೇಸ್ತ್ರಿಗೆ, ನಿಮಗೆ ನೀವೇ ಕೇಳಿ. ‘ಯಾರೂ ಇಳೀಬೇಕಾಗಿಲ್ಲ’ ಅನ್ನೋ ಉತ್ತರ ಸಿಗೋವರೆಗೂ ಕೆಲಸ ಶುರು ಮಾಡಬೇಡಿ.

ಗೃಹಪ್ರವೇಶ ಇಲ್ಲ. ಮನೆ ಮುಗಿದ ದಿನ ಅಕ್ಕನ ಜೊತೆ ಕೆಲಸ ಮಾಡೋ ಪೌರಕಾರ್ಮಿಕರೆಲ್ಲ ಬರ್ತಾರೆ, ಅವರ ಜೊತೆ ಬಾಡೂಟ. ನೀವೂ ಬನ್ನಿ.

ಜೈಭೀಮ್.