ಮೊದಲ ಸ್ಟಾರ್ಟ್‌ಗೆ ಜನ ಸೇರಿಸಬೇಡಿ

ಹಳೇ ಗಾಡಿ ಸರಣಿ | ಕಂತು 9
(ಉದ್ದ ಇದೆ. ಸೇವ್ ಮಾಡ್ಕೊಂಡು ನಿಧಾನಕ್ಕೆ ಓದಿ. ಮುಂದಿನ ಭಾಗಗಳು ಕಮೆಂಟ್‌ನಲ್ಲಿ.)

1/5
ರೀಲ್ಸ್‌ನಲ್ಲಿ ನೀವೂ ನೋಡಿರ್ತೀರಿ. ರೀಬಿಲ್ಡ್ ಆದ ಎಂಜಿನ್, ಹೊಸ ಪೇಂಟು, ಸುತ್ತ ಹತ್ತು ಜನ, ಹತ್ತು ಫೋನು. ಸೆಲ್ಫ್ ಹೊಡೀತಾರೆ, ಎಂಜಿನ್ ಎರಡು ಸಲ ಕೆಮ್ಮಿ ಹತ್ಕೊಳ್ಳುತ್ತೆ. ಚಪ್ಪಾಳೆ! ಯಾರೋ ಜೋರಾಗಿ ರೇಸ್ ಮಾಡ್ತಾರೆ, ಆಮೇಲೆ ಸ್ಲೋಗೆ ಬಿಟ್ಟು ಎಲ್ಲರೂ ಸೌಂಡ್ ಕೇಳಿಸ್ಕೊಳ್ತಾರೆ, ಒಂದು ನಿಮಿಷಕ್ಕೆ ಆಫ್.

ನೇರವಾಗಿ ಹೇಳಿಬಿಡ್ತೀನಿ. ತಿಂಗಳುಗಟ್ಟಲೆ ಮಾಡಿದ ಕೆಲಸವನ್ನ ಕೆಡಿಸೋಕೆ ಇಂಥ ಕೆಲವು ನಿಮಿಷ ಸಾಕು. ಮೊದಲ ಸ್ಟಾರ್ಟ್ ಅನ್ನೋದು ಗೃಹಪ್ರವೇಶ ಅಲ್ಲ. ಅದು ರೀಬಿಲ್ಡ್‌ನ ಕೊನೆಯ ಕೆಲಸ, ಎಲ್ಲಕ್ಕಿಂತ ಸೂಕ್ಷ್ಮವಾದ ಕೆಲಸ.

2/5
ಎಂಜಿಬಿಯನ್ನೇ ತಗೊಳ್ಳೋಣ. ಇಂಗ್ಲೆಂಡಿನ ಆಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಾದ ಸ್ಪೋರ್ಟ್ಸ್ ಕಾರು. ಅದರ 1798 ಸಿಸಿ ಎಂಜಿನ್ ಬಿಎಂಸಿ ಕಂಪನಿಯ ಬಿ-ಸೀರೀಸ್ ಮನೆತನದ್ದು. ನಮಗೇನೂ ದೂರದ ನೆಂಟ ಅಲ್ಲ. ನಮ್ಮ ಅಂಬಾಸಿಡರ್‌ನಲ್ಲಿದ್ದ 1489 ಸಿಸಿ ಪೆಟ್ರೋಲ್ ಎಂಜಿನ್ ಕೂಡ ಅದೇ ಮನೆಯದು. 1955ರಲ್ಲಿ ಬಂದ ಎಂಜಿಎ ಅನ್ನೋ ಸ್ಪೋರ್ಟ್ಸ್ ಕಾರಿಗೂ ಮೊದಲು ಕೂತಿದ್ದು ಇದೇ 1489 ಸಿಸಿ.

ಈ ಎಂಜಿನ್ನಲ್ಲಿ ಕ್ಯಾಮ್‌ಶಾಫ್ಟ್ ಬ್ಲಾಕ್‌ನ ಒಳಗೇ ಇರುತ್ತೆ. ಅದರ ಉಬ್ಬುಗಳ ಮೇಲೆ ಟ್ಯಾಪೆಟ್‌ನ ತಳ ಉಜ್ಜಿಕೊಂಡೇ ಓಡಬೇಕು, ನಡುವೆ ರೋಲರ್ ಇಲ್ಲ. ಕ್ಯಾಮ್‌ನ ಬೇರಿಂಗ್‌ಗಳಿಗೆ ಪಂಪಿನಿಂದ ಎಣ್ಣೆ ಬರುತ್ತೆ ನಿಜ, ಆದರೆ ಉಬ್ಬುಗಳಿಗೆ ಕ್ರ್ಯಾಂಕ್ ತಿರುಗುವಾಗ ಎರಚೋ ಎಣ್ಣೆಯೇ ಗತಿ. ಸ್ಲೋನಲ್ಲಿ ಎರಚೋದು ಕಡಿಮೆ. ಹೊಸ ಕ್ಯಾಮ್, ಹೊಸ ಟ್ಯಾಪೆಟ್ ಇನ್ನೂ ಒಂದಕ್ಕೊಂದು ಹೊಂದಿಕೊಂಡಿರಲ್ಲ. ಆ ಹೊತ್ತಲ್ಲಿ ಎಣ್ಣೆ ಸಾಲದೆ ಲೋಹಕ್ಕೆ ಲೋಹ ತಾಗಿದರೆ ಉಬ್ಬು ಸವೆಯೋಕೆ ಶುರು. ಸವೆದ ಪುಡಿ ಎಣ್ಣೆ ಜೊತೆ ಎಂಜಿನ್ನೆಲ್ಲ ಸುತ್ತುತ್ತೆ, ಹೊಸ ಬೇರಿಂಗ್‌ಗಳನ್ನೂ ಬಿಡಲ್ಲ.

ಅದಕ್ಕೇ ನಿಯಮ ಇಷ್ಟೇ: ಹತ್ತಿದ ಕೂಡಲೇ 2000ರಿಂದ 2500 ಆರ್‌ಪಿಎಂಗೆ ಏರಿಸಿ, ಸ್ವಲ್ಪ ಹೆಚ್ಚು ಕಡಿಮೆ ಮಾಡ್ತಾ ಸುಮಾರು 20 ನಿಮಿಷ ಓಡಿಸಿ. ಸ್ಲೋಗೆ ಬಿಡಬೇಡಿ. ಸುಮ್ಮನೆ ಜೋರಾಗಿ ರೇಸ್ ಮಾಡಲೂಬೇಡಿ.

3/5
ಆ 20 ನಿಮಿಷ ನಿಲ್ಲದೆ ಓಡಬೇಕು ಅಂದರೆ ಎಂಜಿನ್ ಮೊದಲ ಏಟಿಗೇ ಹತ್ತಬೇಕು. ಟೈಮಿಂಗ್ ಸರಿ ಇಲ್ಲ, ಪೆಟ್ರೋಲ್ ಬರ್ತಿಲ್ಲ, ಹೋಸ್ ಸೋರ್ತಿದೆ ಅಂತ ಹತ್ತು ಸಲ ಸೆಲ್ಫ್ ಹೊಡೆದರೆ ಕ್ಯಾಮ್‌ಗೆ ಹಚ್ಚಿದ ಪೇಸ್ಟ್ ಅಲ್ಲೇ ಒರೆಸಿ ಹೋಗುತ್ತೆ. ಹಾಗಾಗಿ ಅಸಲಿ ಕೆಲಸ ಇರೋದು ಕೀ ತಿರುಗಿಸೋ ಮುಂಚೆ.

• ಎಂಜಿನ್ ಕೂರಿಸುವಾಗ ಗೇರ್‌ಬಾಕ್ಸ್‌ನ ಭಾರ ಕ್ಲಚ್ ಪ್ಲೇಟ್ ಮೇಲೆ ನೇತಾಡಬಾರದು. ಶಾಫ್ಟ್ ನೇರವಾಗಿ ಒಳಗೆ ಹೋಗಬೇಕು. ಬೋಲ್ಟ್ ಬಿಗಿದು ಎಳ್ಕೊಳ್ಳೋದು ಬೇಡ.

• ಅರ್ಥ್ ಪಟ್ಟಿ ಮರೀಬೇಡಿ. ಎಂಜಿನ್ ಕೂತಿರೋದು ರಬ್ಬರ್ ಮೇಲೆ. ಪಟ್ಟಿ ಇಲ್ಲದಿದ್ದರೆ ಸೆಲ್ಫ್‌ನ ಕರೆಂಟು ಚೋಕ್ ಕೇಬಲ್, ಆಕ್ಸಿಲರೇಟರ್ ಕೇಬಲ್ ಹಿಡಿದು ವಾಪಸ್ ಹೋಗುತ್ತೆ. ಕೇಬಲ್ ಕೆಂಡ ಆಗುತ್ತೆ, ಅದೂ ಪೆಟ್ರೋಲ್ ತುಂಬಿದ ಕಾರ್ಬ್ಯುರೇಟರ್ ಪಕ್ಕದಲ್ಲೇ.

• 1967ಕ್ಕಿಂತ ಹಿಂದಿನ ಎಂಜಿಬಿಯಲ್ಲಿ ಬಾಡಿಗೆ ಕೊಡೋದು ಬ್ಯಾಟರಿಯ ಪಾಸಿಟಿವ್ ತಂತಿ. ಅಭ್ಯಾಸಬಲದಲ್ಲಿ ತಿರುಗಾ ಮುರುಗಾ ಕೊಡಬೇಡಿ.

• ಟ್ಯಾಪೆಟ್ ಸಂದು ತಣ್ಣಗಿರುವಾಗ 0.015 ಇಂಚು. ಕ್ಯಾಮ್ ಮೂಲದ್ದಲ್ಲ ಅಂದ್ರೆ ಅದನ್ನ ಮಾಡಿದವರು ಕೊಟ್ಟ ಅಳತೆ ಇಡಿ. ಇಗ್ನಿಷನ್ ಟೈಮಿಂಗನ್ನೂ ನಿಂತ ಎಂಜಿನ್ನಲ್ಲೇ ಹೊಂದಿಸಿ. ಫೈರಿಂಗ್ ಆರ್ಡರ್ 1-3-4-2.

• ಸ್ಪಾರ್ಕ್ ಪ್ಲಗ್ ನಾಲ್ಕೂ ಬಿಚ್ಚಿ, ಇಗ್ನಿಷನ್ ಕಡಿತ ಮಾಡಿ, ಸೆಲ್ಫ್‌ನಿಂದ ಬರೀ ತಿರುಗಿಸಿ. ಈ ಎಂಜಿನ್ನಲ್ಲಿ ಆಯಿಲ್ ಪಂಪ್ ತಿರುಗೋದು ಕ್ಯಾಮ್‌ಶಾಫ್ಟ್‌ನಿಂದಲೇ, ಬೇರೆ ದಾರಿ ಇಲ್ಲ. ನಡುನಡುವೆ ಸೆಲ್ಫ್ ತಣ್ಣಗಾಗೋಕೆ ಬಿಡಿ. ಗೇಜ್‌ನ ಮುಳ್ಳು ಎದ್ದರೆ ಮಾತ್ರ ಪ್ಲಗ್ ವಾಪಸ್ ಹಾಕಿ. ಏಳಲಿಲ್ಲವಾ? ಅವತ್ತು ಸ್ಟಾರ್ಟ್ ಇಲ್ಲ, ಅಷ್ಟೇ.

ಹತ್ತಿದ ಮೇಲೆ ಒಬ್ಬರ ಕಣ್ಣು ಗೇಜ್ ಮೇಲೇ ಇರಲಿ. ಓಡುವಾಗ 50ರಿಂದ 80 ಪಿಎಸ್‌ಐ ಇರಬೇಕು. ಇನ್ನೊಬ್ಬರು ಟಾರ್ಚ್ ಹಿಡಿದು ಸೋರಿಕೆ ನೋಡಲಿ, ಕೈಗೆಟುಕುವ ಹಾಗೆ ಫೈರ್ ಎಕ್ಸ್‌ಟಿಂಗ್ವಿಷರ್ ಇರಲಿ. ಇಬ್ಬರು ಸಾಕು. ಮೂರನೆಯವರು ಬಂದರೆ ಮಾತು ಶುರುವಾಗುತ್ತೆ.

4/5
"ಹಿಂದೆಲ್ಲ ಅಂಬಾಸಿಡರ್ ಮೇಸ್ತ್ರಿಗಳು ಇಷ್ಟೆಲ್ಲ ಮಾಡ್ತಿದ್ರಾ?" ಅಂತ ಕೇಳ್ತೀರಿ. ನ್ಯಾಯವಾದ ಪ್ರಶ್ನೆ. ಆದರೆ ಆಗಿನ ಎಣ್ಣೆ ಬೇರೆ, ಈಗಿನದು ಬೇರೆ. ಉಜ್ಜಿಕೊಂಡು ಓಡೋ ಕ್ಯಾಮ್‌ಗೆ ರಕ್ಷೆ ಅಂದರೆ ಎಣ್ಣೆಯಲ್ಲಿರೋ ಸತು ಮತ್ತು ರಂಜಕದ ಸಂಯುಕ್ತ, ಝಡ್‌ಡಿಡಿಪಿ. ರಂಜಕ ಕ್ಯಾಟಲಿಟಿಕ್ ಕನ್ವರ್ಟರ್‌ನ ಕೆಡಿಸುತ್ತೆ ಅಂತ ಈಗಿನ ಪೆಟ್ರೋಲ್ ಕಾರುಗಳ ಎಣ್ಣೆಯಲ್ಲಿ ಅದನ್ನ ಇಳಿಸಿದ್ದಾರೆ. ಹೊಸ ಕಾರಿಗೆ ಅದು ಒಳ್ಳೇದೇ. 60 ವರ್ಷದ ಎಂಜಿನ್‌ಗೆ ಅಲ್ಲ. ಅಂಗಡಿಯಲ್ಲಿ "ದುಬಾರಿ ಎಣ್ಣೆ ಕೊಡಿ" ಅನ್ನೋ ಬದಲು ಹಳೇ ಕಾರಿನದ್ದು, ಝಡ್‌ಡಿಡಿಪಿ ಹೆಚ್ಚಿರೋದು ಕೇಳಿ.

"ಇಷ್ಟು ದಿನ ಕಾದಿದ್ದೀವಿ, ಸ್ವಲ್ಪ ಖುಷಿ ಪಡಬಾರ್ದಾ?" ಪಡಿ, ಖಂಡಿತ ಪಡಿ. 21ನೇ ನಿಮಿಷಕ್ಕೆ. ನೆಂಟರನ್ನ ಮರುದಿನ ಕರೀರಿ, ಎರಡನೇ ಸ್ಟಾರ್ಟ್‌ನ ವಿಡಿಯೋ ಹಾಕಿ. ನೋಡೋರಿಗೆ ವ್ಯತ್ಯಾಸ ಗೊತ್ತಾಗಲ್ಲ. ಎಂಜಿನ್‌ಗೆ ಗೊತ್ತಾಗುತ್ತೆ.

5/5
ಕೊನೆಗೆ ದುಡ್ಡಿನ ಮಾತು, ಯಾಕಂದ್ರೆ ಜಗಳ ಆಗೋದೇ ಅಲ್ಲಿ. ಬೋರಿಂಗ್, ಪಿಸ್ಟನ್, ಬೇರಿಂಗ್‌ಗೆ ಬಿಲ್ ಕೊಡುವಾಗ ಯಾರೂ ತಕರಾರು ಮಾಡಲ್ಲ, ಕಣ್ಣಿಗೆ ಕಾಣುತ್ತಲ್ಲ. "ಪರೀಕ್ಷೆ ಮತ್ತು ಮೊದಲ ಸ್ಟಾರ್ಟ್, ಒಂದು ದಿನ" ಅಂತ ಮೆಕ್ಯಾನಿಕ್ ಬರೆದರೆ ಮುಖ ಸಿಂಡರಿಸ್ತೀವಿ. "ಕೀ ತಿರುಗಿಸೋಕೆ ಒಂದು ದಿನದ ಕೂಲಿನಾ?" ಆಮೇಲೆ ನಮ್ಮ ಅವಸರಕ್ಕೆ ಅವನು ಬೇಗ ಕೀ ತಿರುಗಿಸ್ತಾನೆ, ಕ್ಯಾಮ್ ಸವೆಯುತ್ತೆ, ಕೆಲವು ವಾರಕ್ಕೆ ಟಕಟಕ ಸದ್ದು ಬರುತ್ತೆ. ಆಗ ಬೈಸಿಕೊಳ್ಳೋದು ಮೆಕ್ಯಾನಿಕ್ಕೇ, ಇಲ್ಲ ಲೇತ್‌ನವರು. ಅವಸರ ಮಾಡಿದವರ ಹೆಸರು ಯಾವ ಬಿಲ್‌ನಲ್ಲೂ ಇರಲ್ಲ.

ಆ ಒಂದು ದಿನಕ್ಕೆ ದುಡ್ಡು ಕೊಡಿ, ಕೇಳೋ ಮುಂಚೆಯೇ ಕೊಡಿ. "ಇವತ್ತು ಬೇಡ ಸಾರ್, ಪ್ರೆಶರ್ ಬರ್ತಿಲ್ಲ" ಅಂತ ನಿಮ್ಮನ್ನ ಮನೆಗೆ ಕಳಿಸೋ ಮೆಕ್ಯಾನಿಕ್ ಸಿಕ್ಕಿದ್ದರೆ ಅವರನ್ನ ಬಿಡಬೇಡಿ.

ಅಂಥವರು ನಿಮಗೆ ಗೊತ್ತಿದ್ದಾರಾ? ಅವರಿಂದ ಕಲಿತ ಒಂದು ವಿಷಯ ಕಮೆಂಟ್‌ನಲ್ಲಿ ಬರೀರಿ. ಮುಂದಿನ ಕಂತು: ಮೊದಲ ಆಯಿಲ್ ಚೇಂಜ್, ಮತ್ತು ಹಳೇ ಫಿಲ್ಟರನ್ನ ಯಾಕೆ ಬಿಚ್ಚಿ ನೋಡಬೇಕು.

#ಹಳೇಗಾಡಿ #ಎಂಜಿಬಿ #ಮೊದಲಸ್ಟಾರ್ಟ್